ನಲವತ್ತೊಂದು ಸೆಂಟು, ಒಂದು ಗುಂಡಿ

ಹ್ಯಾನ್‌ಕಾಕ್ ಊರಿನ ಆಸ್ಪತ್ರೆಯಲ್ಲಿ
ಬಿಲ್ಲಿನ ಕಿಟಕಿಯ ಹಿಂದೆ ನಾನು.
ಗಾಜಿನಲ್ಲೊಂದು ತೂತು, ಮಾತಿಗೆ.
ಕೆಳಗೊಂದು ಸೀಳು, ದುಡ್ಡಿಗೆ.

ಮಾರ್ಲಿಸ್ ತಕ್ಕಿನೆನ್ ಮೊದಲ ಸಲ ಬಂದದ್ದು ಮಾರ್ಚಿನಲ್ಲಿ.
ಹಳೇ ಸೋಫಾ ಬಿಚ್ಚಿ ಹೊಸ ಬಟ್ಟೆ ಹೊದಿಸುವ ಕೆಲಸ,
ಬಾಗಿದ ಸೂಜಿ ಹಿಡಿದು ಮೂವತ್ತು ವರ್ಷ.
ಬಲಗೈ ಹೆಬ್ಬೆರಳು ಮಡಚಿದರೆ ಮಡಚಿಯೇ ಇರುತ್ತದೆ,
ಎಡಗೈಯಿಂದ ಬಿಡಿಸಬೇಕು,
ಟಕ್ ಎನ್ನುತ್ತದೆ.
ತೂತಿನ ಹತ್ತಿರ ಹಿಡಿದು ನನಗೂ ಕೇಳಿಸಿದಳು.
"ವಿಮೆ ಇದೆಯಲ್ಲ ನನಗೆ?"

ಇದೆ. ನಾನೇ ಓದಿ ಹೇಳಿದೆ:
ತಿಂಗಳು ತಿಂಗಳೂ ಕಟ್ಟಿದ್ದು ಬಾಗಿಲಿಗಾಯಿತು,
ಹೊಸ್ತಿಲಿನ ಲೆಕ್ಕ ಬೇರೆ,
ಡಿಡಕ್ಟಿಬಲ್ ಅಂತ ಅದರ ಹೆಸರು,
ಏಳು ಸಾವಿರ ಡಾಲರು ಎತ್ತರ.
ಅಷ್ಟು ನಿಮ್ಮ ಕೈಯಿಂದ ಬಿದ್ದ ಮೇಲೆ
ನೂರಕ್ಕೆ ಅರವತ್ತು ಅವರದು, ನಲವತ್ತು ನಿಮ್ಮದು,
ಒಂಬತ್ತು ಸಾವಿರದ ಇನ್ನೂರು ಮುಟ್ಟಿದಿರೋ
ಆಮೇಲೆ ಎಲ್ಲಾ ಅವರದೇ,
ಡಿಸೆಂಬರ್ ಮೂವತ್ತೊಂದರ ತನಕ.
ಬಾಯಿಪಾಠ ನನಗೆ, ಒಂದೇ ಉಸಿರಿನಲ್ಲಿ ಹೇಳಬಲ್ಲೆ.

ಹೆಬ್ಬೆರಳನ್ನು ಟಕ್ ಎಂದು ಬಿಡಿಸಿಕೊಂಡು
ಕೈಗವಸು ಹಾಕಿಕೊಂಡು ಹೋದಳು.

ಅಕ್ಟೋಬರಿನ ಒಂದು ರಾತ್ರಿ ಅಪೆಂಡಿಕ್ಸ್ ಒಡೆಯಿತು.
ಹೊಸ್ತಿಲು ನಡುಮನೆ ಅಟ್ಟ ಎಲ್ಲವನ್ನೂ
ಮಲಗಿದಲ್ಲೇ ದಾಟಿಬಿಟ್ಟಳು.
ತಿಂಗಳಿಗೆ ನೂರೈವತ್ತರಂತೆ
ಅರವತ್ತೆರಡು ಕಂತು ಬರೆದುಕೊಟ್ಟೆ.
ಅವಳಿಗೆ ನಗು. ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು.
"ಹಾಗಾದರೆ ಇನ್ನು ಎಲ್ಲಾ ಬಿಟ್ಟಿ!"

ಮಾರನೇ ವಾರ ಪಟ್ಟಿ ತಂದಳು,
ಹಳದಿ ಮಖಮಲ್ಲಿನ ಸ್ಯಾಂಪಲ್ ತುಂಡಿನ ಹಿಂಬದಿಗೆ ಬರೆದದ್ದು:
ಹೆಬ್ಬೆರಳು. ಎಡಗಿವಿ. ಬೆನ್ನ ಮೇಲಿನ ಮಚ್ಚೆ,
2019ರಿಂದ ಇರುವುದು.
ಪಂಕ್ತಿ ಏಳುವ ಹೊತ್ತಿಗೆ ಊಟಕ್ಕೆ ಬಂದವರ ಅವಸರ.
ಕೈಯ ಡಾಕ್ಟರು ಬರುವುದು ಗ್ರೀನ್ ಬೇಯಿಂದ,
ತಿಂಗಳಿಗೆ ಎರಡೇ ದಿನ.
ಪರದೆ ತಿರುಗಿಸಿ ತೋರಿಸಿದೆ:
ಡಿಸೆಂಬರಿನ ಚೌಕಗಳಲ್ಲಿ ತುಂಬಿ ಕೂತಿದ್ದರು
ಅವಳ ಹಾಗೆಯೇ ಅಟ್ಟ ಹತ್ತಿದವರು.
ಖಾಲಿ ಇದ್ದದ್ದು ಜನವರಿ ಎಂಟು.

ಮಚ್ಚೆ ತೆಗೆದರು, ಏನೂ ಇಲ್ಲ ಅಂದರು.
ಕಿವಿಯಲ್ಲಿ ಬರೀ ಗುಗ್ಗೆ.

ಆಮೇಲೆ ಯಾರೋ ಬಿಟ್ಟರು, ಇಪ್ಪತ್ತೊಂಬತ್ತರ ಸರದಿ.
ಫೋನು ಮಾಡಿದವಳು ನಾನೇ.
ಅವತ್ತು ಸುಪೀರಿಯರ್ ಸರೋವರದಿಂದ
ಹಿಮ ಅಡ್ಡಡ್ಡ ಬಂತು, ಕೆಳಗೆ ಬೀಳಲೇ ಇಲ್ಲ.
ಸೇತುವೆ ದಾಟಿ ಬಂದು ಕೂತಿದ್ದಳು ಏಳು ಗಂಟೆಗೇ,
ರಾತ್ರಿಯಿಂದ ಒಂದು ಗುಟುಕು ನೀರಿಲ್ಲದೆ.
ಡಾಕ್ಟರ ಕಾರು ಎಲ್ಲೋ ಲಾನ್ಸ್ ಹತ್ತಿರ ಹೂತು ನಿಂತಿತ್ತು.
ಎರಡು ಗಂಟೆಗೆ
ನನ್ನ ಡ್ರಾಯರಿನ ಬಿಸ್ಕತ್ತು ಸೀಳಿನಲ್ಲಿ ತೂರಿಸಿದೆ.
ದುಡ್ಡಲ್ಲದ್ದು ಆ ದಾರಿಯಲ್ಲಿ ಹೋದದ್ದು
ಅದೇ ಮೊದಲು.

ಜನವರಿ ಎರಡರ ಬೆಳಿಗ್ಗೆ ಪರದೆ ತೆರೆದೆ.
ಯಾರೂ ಮುಟ್ಟಿರಲಿಲ್ಲ,
ತಾನಾಗಿಯೇ ಸೊನ್ನೆ.
ಅವಳದು. ನನ್ನದೂ.
ಹಳೆಯ ಕಂತು ಮಾತ್ರ ಹಾಗೇ, ಇನ್ನೂ ಅರವತ್ತು.
ಎಂಟನೇ ತಾರೀಕನ್ನು ಬೇರೆಯವರಿಗೆ ಕೊಡಿ ಅಂದಳು ಫೋನಿನಲ್ಲಿ;
ಹಿಂದಿನಿಂದ ಬಟ್ಟೆ ಹರಿಯುವ ಸದ್ದು.

ಏಪ್ರಿಲಿನಲ್ಲಿ ನನ್ನ ಸೋಫಾ ಕೊಟ್ಟೆ,
ಅದೇನು ಉಪಕಾರವಲ್ಲ, ಸ್ಪ್ರಿಂಗು ಚುಚ್ಚುತ್ತಿತ್ತು.
ವಾಪಸು ಬಂತು. ಹೊಲಿಗೆ ಕೊಂಚ ವಾಲಿತ್ತು,
ಎಡಗೈ ಇನ್ನೂ ಕಲಿಯುತ್ತಿದೆ.
ದಿಂಬಿಗೆ ಪಿನ್ನು ಚುಚ್ಚಿದ ಲಕೋಟೆ:
"ಸಂದಿಯಲ್ಲಿ ಸಿಕ್ಕಿದ್ದು. ನಿಮ್ಮದು.
ನಲವತ್ತೊಂದು ಸೆಂಟು, ಒಂದು ಗುಂಡಿ."

ಅಭ್ಯಾಸಬಲ, ಎರಡು ಸಲ ಎಣಿಸಿದೆ.
ಗುಂಡಿ ಯಾವ ಕೋಟಿನದೋ,
ನೆನಪಾಗಲಿಲ್ಲ.