ಅಳತೆಗೊಬ್ಬ ಮನುಷ್ಯ

ಪುಸ್ತಕ ಬಂದಿದ್ದು ಹಳೇ ಬಿಸ್ಕತ್ತಿನ ಡಬ್ಬದಲ್ಲಿ,
ಕ್ಲೀವ್‌ಲ್ಯಾಂಡ್ ಟೌನಿನ ಯಾರದೋ ಅಟ್ಟದಿಂದ.
ರಟ್ಟಿನ ಮೇಲೆ ಗೆದ್ದಲ ಮಣ್ಣು, ಒಳಗೆ ವಾಲಿದ ಕೈಬರಹ:
ಮಿಸ್ ಆಗಸ್ಟಾ ಪೆಂಬ್ರಿಜ್, ಬೆಂಗಳೂರು ದಂಡು, ೧೮೬೮.
ನನ್ನ ಕೆಲಸ ನೋಡುವುದಲ್ಲ, ಉಳಿಸುವುದು.
ಮೈದಾ ಅಂಟು, ಜಪಾನಿನ ತೆಳುಕಾಗದ, ಬಿದಿರಿನ ಚಿಮಟ.
ಆದರೂ ನೋಡಿದೆ.

ಹಲಸೂರ ಗುಡಿ. ಕೋಟೆಯ ದಿಡ್ಡಿ ಬಾಗಿಲು.
ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗಡಿಗೋಪುರ,
ಅದರಾಚೆ ಏನೂ ಇಲ್ಲ; ನಿಜಕ್ಕೂ ಏನೂ ಇಲ್ಲ,
ಎರಡು ತಾಳೆಮರ, ಉಳಿದದ್ದು ಕಾಗದದ್ದೇ ಬಿಳಿ.
ಆ ಬಿಳಿಯಲ್ಲೆಲ್ಲೋ ನಾನಿರುವ ಬನಶಂಕರಿ;
ಹೆಬ್ಬೆರಳಿಟ್ಟರೆ ಅದರಡಿ ನಮ್ಮ ಓಣಿ, ಬಾಡಿಗೆ ಮನೆ, ಸಂಪು.

ಪ್ರತಿ ಕಟ್ಟಡದ ಬುಡದಲ್ಲೂ ಒಬ್ಬ ಮನುಷ್ಯ,
ಕಾಲಂಗುಲ ಎತ್ತರ, ಪೇಟ, ಕೈಯಲ್ಲಿ ಮಡಚಿದ ಕೊಡೆ.
ಗೋಪುರ ಎಷ್ಟೆತ್ತರವೆಂದು
ಸಮುದ್ರದಾಚೆಯವರಿಗೆ ತಿಳಿಯಬೇಕಲ್ಲ,
ಅದಕ್ಕೆ ನಿಲ್ಲಿಸಿದ್ದು.
ಹನ್ನೊಂದು ಪುಟದಲ್ಲೂ ಅವನೇ.
ಭೂತಗನ್ನಡಿ ಹಿಡಿದೆ. ಮುಖ ಇಲ್ಲ.
ಕುಂಚ ಒಮ್ಮೆ ತಾಗಿ ಎದ್ದ ಕಂದು ಚುಕ್ಕೆ, ಅಷ್ಟೆ.
ಗುಡಿಯ ಗಾರೆ ಬೊಂಬೆಗಳಿಗೆ ಮಾತ್ರ
ಕಣ್ಣು, ಮೂಗು, ಮೂಗಿನ ನತ್ತೂ ಬರೆದಿದ್ದಾಳೆ ಮಹಾತಾಯಿ.

ಅವನು ನಿಂತ ಪುಟಗಳ ಅಂಚಿನಲ್ಲೆಲ್ಲ
ಸೀಸದಕಡ್ಡಿಯ ಗೊಣಗಾಟ: ಬಿಸಿಲು, ತಲೆನೋವು, ಬಣ್ಣ ಒಣಗಿತು.
ಒಣಗದೆ? ಕೊಡೆ ಹಿಡಿಯಬೇಕಾದವನು
ಚಿತ್ರದೊಳಗೆ ನಿಂತಿದ್ದಾನೆ.
ಅವನಿಲ್ಲದ ಪುಟಗಳು ತಂಪು. ಗೆರೆಗೆ ಅವಸರವಿಲ್ಲ.

ಕೊನೆಯ ಹಾಳೆಯಲ್ಲಿ ಲೆಕ್ಕ:
ಅಗಸನಿಗೆ ಆರಾಣೆ, ಜಟಕಾ ಮೂರಾಣೆ,
ಮೂನೂ, ಕೊಡೆ ಮತ್ತು ನೀರಿಗೆ, ಎರಡಾಣೆ.
ಮೂನೂ.
ಮುನಿಸ್ವಾಮಿಯೋ, ಮುನಿಯಲ್ಲಪ್ಪನೋ, ಮುನಿಚೌಡನೋ,
ಕರೆದವಳ ನಾಲಗೆಗೆ ದಕ್ಕಿದ್ದು ಅಷ್ಟೇ.

ನೀರಿಗೆ, ಎಂದಿದೆ. ಅಲ್ಲಿ ತಡೆದೆ.
ಧರ್ಮಾಂಬುಧಿ ಕೆರೆಯ ಪುಟ ತಿರುಗಿಸಿ ಮತ್ತೆ ನೋಡಿದೆ,
ಇವತ್ತು ಬೆಳಿಗ್ಗೆ ನಾನು ಬಸ್ಸು ಬದಲಿಸಿದ ಜಾಗ.
ಏರಿಯ ಮೇಲೆ ಬಟ್ಟೆ ಒಣಹಾಕಿದ್ದಾರೆ,
ಎಮ್ಮೆಯೊಂದು ಮೂತಿ ಮಾತ್ರ ಮೇಲಿಟ್ಟಿದೆ.
ನಡುನೀರಿನಲ್ಲಿ ಹುಳ ತಿಂದ ತೂತು.
ಅವಳು ಕೂತಲ್ಲಿಂದ ಇಳಿದುಹೋಗಿ
ಬಟ್ಟಲು ತುಂಬಿ ತಂದಿರಬೇಕು ಅವನು, ಇದೇ ಕೆರೆಯದು.
ಅದರಲ್ಲೇ ಕುಂಚ ಅದ್ದಿ ಅದನ್ನೇ ಬರೆದಿದ್ದಾಳೆ.

ಬಣ್ಣ ನಿಲ್ಲುತ್ತದೋ ಬಿಡುತ್ತದೋ ನೋಡುವುದು ನಮ್ಮ ಕ್ರಮ:
ಮೂಲೆಯಲ್ಲಿ, ಕಡ್ಡಿಗೆ ಸುತ್ತಿದ ಹತ್ತಿ, ಒಂದು ಹನಿ.
ಮುಟ್ಟಿಸಿದೆ.
ನೂರೈವತ್ತು ವರ್ಷ ಒಣಗಿ ಕೂತಿದ್ದ ಕೆರೆ
ಹತ್ತಿಗೆ ಬಂತು, ಸಾಸಿವೆಯಷ್ಟು ನೀಲಿ.
ಪಕ್ಕದ ಮೇಜಿನ ಜರೀನಾ, ಏನಾಯ್ತ್ರೀ, ಅಂದಳು.
ಬಿಡ್ತಾ ಇದೆ, ಅಂದೆ.

ತೂತಿಗೆ ಹಿಂದಿನಿಂದ ಕಾಗದ ಕೊಟ್ಟೆ.
ಬಣ್ಣ ತುಂಬಲಿಲ್ಲ; ತುಂಬಬಾರದು.
ವರದಿಗೆ ಬರೆದೆ: ಪುಟ ಹದಿನಾಲ್ಕು, ನೀರು ತಾಗಿಸಕೂಡದು.
ರಚಿಸಿದವರು ಎಂಬಲ್ಲಿ ಮಿಸ್ ಪೆಂಬ್ರಿಜ್ ಹೆಸರು
ಮೊದಲೇ ಟೈಪಾಗಿತ್ತು. ಕೆಳಗೆ ಜಾಗವಿತ್ತು.
ಮುನಿ, ಎಂದು ಬರೆದೆ.
ಮುಂದೇನೆಂದು ಗೊತ್ತಾಗದೆ
ಒಂದು ಗೆರೆ ಎಳೆದುಬಿಟ್ಟೆ, ಕಾಲಂಗುಲ.