೨೧೪ನೆಯ ಸಾಲು

ಜಲಮಂಡಳಿಯ ಕುನಿಮೊತೊ ಸದಹರು
ಬಂದದ್ದು ಫೆಬ್ರವರಿಯಲ್ಲಿ. ಮೊಣಕಾಲುದ್ದ ಹಿಮ.
ಕೈಯಲ್ಲೊಂದು ಸಿಹಿಡಬ್ಬಿ, ಬೆನ್ನಿಗೆ ಮೇಲಧಿಕಾರಿ.
ನನ್ನ ಕ್ಷೌರದಂಗಡಿಯ ಹೊಸ್ತಿಲಾಚೆಯೇ ನಿಂತು
ಸೊಂಟ ಮುರಿದವರಂತೆ ಬಗ್ಗಿದರು ಇಬ್ಬರೂ.
ಎಷ್ಟು ಹೊತ್ತು ಬಗ್ಗಿದ್ದರೆಂದರೆ
ಅವನ ನೆತ್ತಿಯ ಸುಳಿ ನೋಡುತ್ತ ನನಗನ್ನಿಸಿತು:
ಈ ಸಲ ತಡಮಾಡಿದ್ದಾನೆ, ಕೂದಲು ಕಿವಿ ಮುಚ್ಚಿದೆ.

ನಾನು ಇಸೊಕೊ. ನೊಶಿರೊದ ಬಂದರು ಬೀದಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದವಳು.
ಅವನ ಪಟ್ಟಿಯಲ್ಲಿ ೨೧೪ನೆಯ ಸಾಲು.
ನೀರಿನ ಬಾಕಿ ಮೂರು ತಿಂಗಳು.
ಷರಾ ಎಂಬ ಕಡೆಯ ಅಂಕಣದಲ್ಲಿ:
“ಗಂಡ ಬಿಟ್ಟುಹೋಗಿದ್ದಾನೆ. ಒಳಗಿದ್ದೂ ಬಾಗಿಲು ತೆಗೆಯುವುದಿಲ್ಲ.”

ಎರಡೂ ನಿಜ.

ಅವನ ಹೆಂಡತಿ ಆಮೇಲೆ ಹೇಳಿದ್ದು ಇಷ್ಟು:
ಕಚೇರಿಯಲ್ಲಿ ಮುಗಿಯದ ಕೆಲಸವನ್ನು
ಹೆಬ್ಬೆರಳಷ್ಟು ಕಡ್ಡಿಗೆ ತುಂಬಿ ಮನೆಗೆ ತಂದ.
ಮನೆಯ ಕಂಪ್ಯೂಟರಿನಲ್ಲಿ ಬೇರೊಂದು ಸಂಸಾರವಿತ್ತು:
ಹಾಸಿಗೆ ಮಡಿಸಿಡುವ ಕಪಾಟಿನ ಕತ್ತಲಲ್ಲಿ
ರಾತ್ರಿಯಿಡೀ ಮಿಟುಕುವ ಹಸಿರು ಚುಕ್ಕೆ,
ಯಾರ ಹೆಸರನ್ನೂ ಕೇಳದ ತಂತ್ರಾಂಶ.
ಕೊಟ್ಟವರಾರೋ ಪಡೆದವರಾರೋ,
ನಡುವೆ ಹಾದುಹೋದ ನೂರು ಮನೆಗಳಾವುವೋ.
ಬೆಕ್ಕು ಕಣ್ಣು ಮುಚ್ಚಿಯೇ ಹಾಲು ಕುಡಿಯಲಿ ಎಂದು
ಯಾರೋ ಪುಣ್ಯಾತ್ಮರು ಕಟ್ಟಿದ ಅಡುಗೆಮನೆ.

ಒಂದು ರಾತ್ರಿ, ಹಾಡೆಂದು ಬಂದದ್ದು ಹಾಡಾಗಿರಲಿಲ್ಲ.
ಅದು ಒಳಹೊಕ್ಕು ಕಡ್ಡಿಯಲ್ಲಿದ್ದದ್ದನ್ನೆಲ್ಲ
ಗೋಣಿಯ ಕಾಳು ಬೀದಿಗೆ ಸುರಿದಂತೆ ಸುರಿಯಿತು.
ಹೆಸರಿಲ್ಲದವನಾಗಿ ಕೂತಿದ್ದ ಅವನ ಕೋಣೆಯಿಂದ
ಹೊರಬಿದ್ದವು ಮುನ್ನೂರ ಹನ್ನೆರಡು ಹೆಸರು.

ಪೊಲೀಸರು ಬಂದದ್ದು ಮಾತ್ರ ನಮಗಾಗಿ ಅಲ್ಲ,
ಒಂದು ಸಿನಿಮಾಗಾಗಿ. ಬೆಳಗಿನ ಆರೂವರೆಗೆ.
ಕಂಪ್ಯೂಟರು, ತಂತಿಗಳು, ಕಡೆಗೆ
ಮಗಳ ಪಿಯಾನೊ ಪಾಠದ ಸಿಡಿಯನ್ನೂ ಹೊತ್ತೊಯ್ದರು.
“ಯಾರಿಗೂ ಕೊಟ್ಟಿಲ್ಲ, ಇಳಿಸಿಕೊಂಡೆ ಅಷ್ಟೆ” ಅಂದನಂತೆ.
ಕೊಡದೆ ಪಡೆಯುವ ದಾರಿಯೇ ಅದರಲ್ಲಿಲ್ಲ ಎಂದರಂತೆ ಅವರು:
ನೀನು ಉಣ್ಣುತ್ತಿದ್ದಾಗಲೇ ನಿನ್ನ ಇನ್ನೊಂದು ಕೈ
ಅದೇ ತಟ್ಟೆಯಿಂದ ಊರಿಗೆಲ್ಲ ಬಡಿಸುತ್ತಿತ್ತು.

“ಅಳಿಸಿಬಿಡಿ” ಎಂದೆ ನಾನು, ಬಗ್ಗಿದ್ದ ಬೆನ್ನುಗಳಿಗೆ.
ಮೇಲಧಿಕಾರಿ ಹಿಮವನ್ನೇ ನೋಡಿದ.
ಚೂರುಚೂರಾಗಿ ಹೋಗಿದೆಯಂತೆ,
ಇಟ್ಟುಕೊಂಡವರಿಗೇ ಇಟ್ಟುಕೊಂಡದ್ದು ಗೊತ್ತಿಲ್ಲವಂತೆ;
ಯಾವುದೋ ದಂತವೈದ್ಯನ ಮನೆಯಲ್ಲಿ,
ಪರೀಕ್ಷೆಗೆ ಓದುವ ಹುಡುಗನ ಮೇಜಿನಡಿ,
ಬೀಗಮುದ್ರೆಯೊಳಗೆ ಮಲಗಿದೆಯಂತೆ ನನ್ನ ಸಾಲು.
ನನ್ನ ಗಂಡ ಎಲ್ಲಿದ್ದಾನೋ. ಅವನೂ ರಾತ್ರಿಯೆಲ್ಲ
ಪುಕ್ಕಟೆ ಕುಸ್ತಿ ಪಂದ್ಯ ಇಳಿಸಿಕೊಳ್ಳುವ ಜಾತಿ.
ಬಿಟ್ಟುಹೋದವನೆಂಬ ಷರಾದ ಒಂದು ಚೂರು
ಅವನ ಮನೆಯಲ್ಲೇ, ಅವನಿಗೆ ತಿಳಿಯದೆ,
ಅವನ ಕರೆಂಟಿನಲ್ಲೇ ಬೆಚ್ಚಗಿರಬಹುದು.

ಮಾರ್ಚಿಯಲ್ಲೊಂದು ರಾತ್ರಿ ಫೋನು. ಎಳೆಯ ಗಂಡುದನಿ,
ದಕ್ಷಿಣದ ಯಾವುದೋ ಊರಿನ ರಾಗ:
“ಇಸೊಕೊ ಅವರೇ, ನಾನು ಬಂದರೆ ಬಾಗಿಲು ತೆಗೀತೀರಾ?”
ಹಿಂದೆ ಇನ್ನಿಬ್ಬರ ನಗು.
ಫೋನು ಇಟ್ಟೆ. ಎದ್ದು ಹೋಗಿ ಚಿಲಕ ನೋಡಿದೆ. ಹಾಕಿತ್ತು.
ಮತ್ತೆ ನೋಡಿದೆ.

ಬಾಕಿ ಕಟ್ಟಿದ ರಸೀತಿಯನ್ನು ಕನ್ನಡಿಗೆ ಸಿಕ್ಕಿಸಿದ್ದೇನೆ.
ಸಾಲ ತೀರಿತು. ಸಾಲು ತೀರಲಿಲ್ಲ.

ಮೇ ತಿಂಗಳಲ್ಲಿ ಬಂದ, ಕೆಲಸ ಕಳೆದುಕೊಂಡವನು,
ದಂಡ ಕಟ್ಟಿದವನು, ಒಬ್ಬನೇ.
ಗಿರಾಕಿಗಳಿಲ್ಲದ ಮಂಗಳವಾರ ಮಧ್ಯಾಹ್ನ.
ಏನೂ ಕೇಳದೆ ಕುರ್ಚಿಯಲ್ಲಿ ಕೂತ.
ಏನೂ ಹೇಳದೆ ಕೊರಳಿಗೆ ಬಟ್ಟೆ ಕಟ್ಟಿದೆ.
ನೊರೆ ಹಚ್ಚಿ ಗದ್ದ ಎತ್ತಿದಾಗ ಕಣ್ಣು ಮುಚ್ಚಿದ.
ನಾನು ಮುಚ್ಚಲಿಲ್ಲ.
ಕತ್ತಿ ಕಿವಿಯ ಕೆಳಗೆ ಇಳಿಯುತ್ತಿದ್ದಾಗ ಕೇಳಿದೆ:
“ಅದು ಎಂಥಾ ಸಿನಿಮಾ? ಚೆನ್ನಾಗಿತ್ತಾ?”

ತುಟಿ ಅಲುಗಿಸದೆ, ನೊರೆಯೊಳಗಿಂದ ಅಂದ:
“ಪೂರ್ತಿ ಇಳಿದಿರಲಿಲ್ಲ.
ಶೇಕಡಾ ತೊಂಬತ್ತೊಂದಕ್ಕೆ ನಿಂತಿತ್ತು.”