ಪಿಂಗಾಣಿಗೆ ರೇಟಿಲ್ಲ

ಗುಜರಿ ಅಂಗಡಿ ರುಕ್ಮೋದ್ದೀನ ಕಂಬ ನೋಡಿ ಕೇಳಿದ,
"ಎಷ್ಟು ಟನ್ ಆಗಬಹುದ್ರಿ ಕಬ್ಬಿಣ?"
ಮೂವತ್ತೊಂದು ವರ್ಷ ಅದರ ಬುಡಕ್ಕ ನಿಂತವ ನಾನು.
ತೂಕ ಗೊತ್ತಿರಲಿಲ್ಲ.

ಶಹಾಬಾದದ ದಾರಿಗೆ, ಫರಸಿ ಗಣಿ ದಾಟಿ, ಕರಿ ಹೊಲದ ನಡುವ
ಮೊದಲು ತಂತಿ ಹೂತರು, ಆಮ್ಯಾಲ ಕಂಬ ಎಬ್ಬಿಸಿದರು.
ನೂರಾ ಇಪ್ಪತ್ತು ತಾಮ್ರದ ಎಳಿ
ಬಂಡಿಗಾಲಿಯ ಅರಗಳ ಹಂಗ, ಮಣ್ಣೊಳಗ.
ಇಂಜಿನಿಯರ್ ಪ್ರಲ್ಹಾದರಾವ್ ಒಂದು ಹೆಂಟಿ ಎತ್ತಿ ಮೂಸಿ ಹೇಳಿದ್ದರು:
ಮಾತು ಅರ್ಧ ಗಾಳಿಯಾಗ ಹೋಗ್ತದ, ಅರ್ಧ ಈ ಎರಿಮಣ್ಣಾಗ,
ಹಸಿ ಇದ್ದಷ್ಟೂ ದೂರ.
ಅದಕ್ಕ ಬ್ಯಾಸಿಗಿಯಾಗ ನಮ್ಮ ದನಿ ಯಾದಗಿರಿ ತನಕ ಮುಟ್ಟತಿದ್ದಿಲ್ಲ,
ಬಿರುಕು ಬಿಟ್ಟ ಹೊಲದಾಗ ಎಲ್ಲೋ ಬಿದ್ದು ಹೋಗತಿತ್ತು.

ನನ್ನ ಕೆಲಸ, ನಸುಕಿನ್ಯಾಗ ಎದ್ದು ವಾಲ್ವು ಕಾಸೋದು.
ಹಾಲು ಕಾಸಿದಂಗ. ಅವಸರ ಮಾಡಿದರ ಕೆಡತದ.
ಇಪ್ಪತ್ತು ನಿಮಿಷ. ಗಾಜಿನೊಳಗ ಕೆಂಪು ಮೂಡಿದ ಮ್ಯಾಲ
ಚಂದ್ರಭಾಗಾ ಗಂಟಲು ಸರಿ ಮಾಡಿಕೊಂಡು
ತಾಲೂಕು ಎಬ್ಬಿಸತಿದ್ದಳು:
ತೊಗರಿ ಧಾರಣಿ, ಕಾಗಿಣಾ ಹೊಳಿ ನೀರಿನ ಮಟ್ಟ,
ಎಡಗೋಡು ಮುರಿದ ಬಿಳಿ ಎತ್ತು ಮೂರು ದಿನದಿಂದ ಕಾಣೆ.
(ಎತ್ತು ಸಿಕ್ಕಿತು. ಮೂರು ದಿನವೂ ನಮ್ಮ ಕಂಬದ ಬೇಲಿಗೇ ನಿಂತಿತ್ತು.)

ಒಂದಿನ ಮೈಕು ಬಂದ್ ಮಾಡೋದು ಮರೆತು
"ಮೌಲಾಲಿ, ಚಾಕ್ಕ ಸಕ್ರಿ ಯಾಕ ಇಷ್ಟು ಕಡಿಮಿ ಹಾಕ್ತೀಯೋ,
ನಿಮ್ಮಪ್ಪನ ಗಂಟೇನು ಹೋಗ್ತದ?" ಅಂದುಬಿಟ್ಟಳು.
ವಾಡಿಯಿಂದ ಸೇಡಂ ತನಕ ಕೇಳಿಸಿತು.
ಮೆಮೊ ಬಂತು. ಅದರ ಹಿಂದೇ ಐದು ಕಿಲೋ ಸಕ್ರಿ ಚೀಲ,
ಚಿತ್ತಾಪುರದಿಂದ ಯಾರೋ, ಹೆಸರು ಬರೆದಿರಲಿಲ್ಲ.
ಆಮ್ಯಾಲ ಆಕಿ ಯಾವ ಊರಿಗಿ ಹೋದರೂ ಚಾ ಪಾನಕ ಆಗಿರ್ತಿತ್ತು.
ಸಕ್ರಿ ಬ್ಯಾನಿ ಬಂದದ್ದಕ್ಕ ನಾನೇ ಕಾರಣ ಅಂತ
ಈಗಲೂ ಫೋನಿನ್ಯಾಗ ಬೈತಾಳ.

ಗಣಿ ಹುಡುಗರು ರಾತ್ರಿ ಸತ್ತ ಟ್ಯೂಬ್‌ಲೈಟ್ ಹಿಡಿದು
ಬೇಲಿಗಿ ಬರತಿದ್ದರು. ವಾಯರಿಲ್ಲ, ಸ್ವಿಚ್ಚಿಲ್ಲ,
ಕೈಯಾಗೇ ಹತ್ತತಿತ್ತು,
ಹಾಡು ಏರಿದಂಗ ಏರಿ, ವಾರ್ತೆಗೆ ನಡುಗಿ.
ಗದರಿಸೋದು ನನ್ನ ಡ್ಯೂಟಿ.
ಒಮ್ಮೆ ನಾನೂ ಹಿಡಿದೆ.

ಕಾಗಿಣಾ ಸೇತುವೆ ಮ್ಯಾಲ ಹರಿದ ರಾತ್ರಿ
ಹೊತ್ತಾದರೂ ಸ್ಟೇಷನ್ ಬಂದ್ ಮಾಡಲಿಲ್ಲ.
ಓದಲಿಕ್ಕ ಸುದ್ದಿ ಮುಗಿದಿತ್ತು. ಆಕಿ ಊರ ಹೆಸರು ಓದಿದಳು,
ಬರೇ ಹೆಸರು, ಹೊಳಿದಂಡಿ ಊರುಗಳದು, ಒಂದಾದ ಮ್ಯಾಲ ಒಂದು,
ಹಾಜರಿ ಕರೆದಂಗ, ಬೆಳಗಾಗೋ ತನಕ.
ಲಾಗ್ ಪುಸ್ತಕದಾಗ ನಾನು ಬರೆದೆ: ತಾಂತ್ರಿಕ ದೋಷ.

ಮುಚ್ಚುವ ಆದೇಶ ಸಂಜಿ ಟಪಾಲಿಗೇ ಬಂದಿತ್ತು.
ಲಕೋಟಿ ಒಡೆದದ್ದು ಮರುದಿನ, ಐದು ನಲವತ್ತಕ್ಕ.
ಹಂಗಾಗಿ ಆ ರಾತ್ರಿ ಆಕಿ ಯಾವತ್ತಿನಂಗ
"ನಾಳೆ ಬೆಳಿಗ್ಗೆ ಐದು ಐವತ್ತಕ್ಕೆ ಮತ್ತೆ" ಅಂದು ಎದ್ದಿದ್ದಳು,
ನಾನು ವಾಲ್ವು ಕಾಸಿಟ್ಟಿದ್ದೆ.
ಕೆಂಪಗ ಮೂಡಿದ್ದವು.
ಆರಲಿಕ್ಕ ಬಿಟ್ಟೆ.

ತಾಮ್ರ ಬಹಳಷ್ಟು ಕಳುವಾಗ್ಯದ. ಉಳಿದದ್ದು
ಸಾಯಬಣ್ಣನ ರಂಟಿಗೆ ಸಿಗತದ. ಅವನ ಹೆಂಡತಿ ಅದನ್ನ
ಹೀರೇಬಳ್ಳಿಗೆ ಕಟ್ಟ್ಯಾಳ.

ಕಂಬ ಕೆಡವಿದ ದಿನ ಕಿವಿ ಮುಚ್ಚಿಕೊಂಡಿದ್ದೆ.
ಸಪ್ಪಳ ಅಂಗಾಲಿನಿಂದ ಏರಿ ಬಂತು.

ಬುಡದ ಪಿಂಗಾಣಿ ಮಾತ್ರ ಹಂಗೇ ಇತ್ತು, ಒಂದು ಸೀಳಿಲ್ಲ.
ಅಷ್ಟೂ ಕಬ್ಬಿಣ ನೆಲಕ್ಕ ತಾಗದಂಗ ಹೊತ್ತದ್ದು ಅದೇ.
ರುಕ್ಮೋದ್ದೀನ ಬೂಟಿನಿಂದ ತಟ್ಟಿ ನೋಡಿದ:
"ಪಿಂಗಾಣಿಗೆ ರೇಟಿಲ್ರಿ ಚಾಚಾ."
ನಾಕು ಮಂದಿ ಎತ್ತಿ ಟಂಟಂನ್ಯಾಗ ಇಟ್ಟರು.

ಈಗ ಮನಿ ಮುಂದಿನ ಬೇವಿನ ಬುಡಕ್ಕ ಅದ.
ಕುಂದ್ರಲಿಕ್ಕ ಛಲೋ, ಏಪ್ರಿಲ್‌ನ್ಯಾಗೂ ತಂಪು.
ಐದು ಐವತ್ತಕ್ಕ ಅದರ ಮ್ಯಾಲ ಕುಂತು ಚಾ ಕುಡಿತೀನಿ.
ಸಕ್ರಿ ಕಡಿಮಿ ಇರ್ತದ.